ಹಮೀದುನ್ನೀಸಾ ಅಂಡ್ ಫ್ಯಾಮಿಲಿ

ಶಿರಾ ಪೇಟೆಯ ಮುಸ್ಲಿಮರ ಮನೆಗಳಲ್ಲಿ ಮದುವೆ ಗೊತ್ತಾಯಿತೆಂದರೆ ಆಳು ಮೊದಲು ಓಡುತ್ತಿದ್ದದ್ದು ಹಮೀದುನ್ನೀಸಾಳ ಮನೆಗೆ. ಅಡುಗೆಯವನಿಗೆ ಹೇಳುವುದು, ಖಾಜಿಗೆ ಹೇಳುವುದು ಎಲ್ಲ ಆಮೇಲಿನ ಮಾತು. ಗಂಡಸರನ್ನು ಗಂಡಸರು ಶುಕ್ರವಾರದ ನಮಾಜು ಮುಗಿದ ಮೇಲೆ ಮಸೀದಿಯ ಬಾಗಿಲಲ್ಲಿ ನಿಂತು ಕರೆದುಬಿಡುತ್ತಿದ್ದರು. ಹೆಂಗಸರನ್ನು ಕರೆಯುವುದು ಅಷ್ಟು ಸಲೀಸಲ್ಲ. ಅದು ಹಮೀದುನ್ನೀಸಾಳ ಪಾಲಿನದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಆಕೆಗೆ ಮಕ್ಕಳಿರಲಿಲ್ಲ. ಬಿಳಿಯ ಚಾದರ ಹೊದ್ದು, ಅದರ ಸೆರಗಿನಲ್ಲಿ ಕಲ್ಲುಸಕ್ಕರೆ, ಏಲಕ್ಕಿ ಗಂಟು ಕಟ್ಟಿಕೊಂಡು ಹೊರಟಳೆಂದರೆ ಕೋಟೆ ಬೀದಿಯಿಂದ ಹಿಡಿದು ಗೌಡಗೆರೆಯ ಕಡೆಯ ಹಳ್ಳಿಗಳವರೆಗೆ ಒಂದು ಮನೆ ಬಿಡದೆ ಸುತ್ತಿ ಬರುತ್ತಿದ್ದಳು.

ಮನೆಯೊಳಗೆ ಹೋದವಳು ಬಂದ ಕೆಲಸವನ್ನು ಮೊದಲಿಗೇ ಬಾಯಿ ಬಿಡುತ್ತಿರಲಿಲ್ಲ. ಕೂರುತ್ತಿದ್ದಳು. ನೀರು ಕುಡಿಯುತ್ತಿದ್ದಳು. ಎಮ್ಮೆ ಕರು ಹಾಕಿತೇ, ಅಳಿಯ ಮಾತಾಡಿಸುತ್ತಾನೆಯೇ, ಸೊಸೆಯ ವಾಂತಿ ನಿಂತಿತೇ ಎಂದೆಲ್ಲ ಕೇಳಿಯಾದ ಮೇಲೆ ಆ ಮನೆಯಾಕೆಯ ಅಂಗೈ ಬಿಡಿಸಿ ಒಂದು ಚೂರು ಕಲ್ಲುಸಕ್ಕರೆ ಇಟ್ಟು, "ನೀನು ಬರ್ದಿದ್ರೆ ಆ ಹುಡುಗಿ ತಲೆ ಮೇಲೆ ಕೈ ಇಡೋರು ಯಾರಮ್ಮ?" ಎನ್ನುತ್ತಿದ್ದಳು. ಎಲ್ಲ ಮನೆಯಲ್ಲೂ ಅದೇ ಮಾತು. ಆದರೂ ಪ್ರತಿ ಮನೆಯಾಕೆಯೂ ಅದು ತನಗೊಬ್ಬಳಿಗೇ ಹೇಳಿದ ಮಾತೆಂದು ತಿಳಿದು ಕಣ್ಣೊರೆಸಿಕೊಳ್ಳುತ್ತಿದ್ದಳು. ಮುನಿಸಿಕೊಂಡವರಿದ್ದರೆ ಅಂಥ ಮನೆಗೆ ಇನ್ನೊಂದು ಸಲ ಹೋಗುತ್ತಿದ್ದಳು. ಆಗ ಅವರ ಬೈಗುಳವನ್ನೆಲ್ಲ ಕೇಳಿಸಿಕೊಂಡು, ಹೊಟ್ಟೆಯಲ್ಲಿಟ್ಟುಕೊಂಡು, ಕೊನೆಗೆ ಕರೆದುಕೊಂಡೇ ಬರುತ್ತಿದ್ದಳು.

ಹೀಗೆ ಊರವರ ಹೊಸ್ತಿಲುಗಳನ್ನೆಲ್ಲ ಬಲ್ಲವಳಾದ್ದರಿಂದಲೋ ಏನೋ, ಊರಿಗೆ ಹೊಸದಾಗಿ ಬಂದದ್ದು ಯಾವುದನ್ನು ಕಂಡರೂ ಆಕೆಗೆ ಆಗುತ್ತಿರಲಿಲ್ಲ. ಬಸ್ ನಿಲ್ದಾಣದ ಪಕ್ಕ ಹೋಟೆಲು ಬಂದು ಗಂಡಸರು ರಸ್ತೆಯಲ್ಲಿ ನಿಂತುಕೊಂಡು ಟೀ ಹೀರತೊಡಗಿದಾಗ, "ಜಟಕಾ ಕುದುರೆಗಳೇ ವಾಸಿ, ಅವು ಮುಖ ತಗ್ಗಿಸಿ ಕುಡಿತಾವೆ" ಎಂದಳು. ಹಿಟ್ಟಿನ ಗಿರಣಿ ಬಂತು. ಬಿಸಿ ಬಿಸಿ ರಾಗಿ ಹಿಟ್ಟನ್ನು ಮುಟ್ಟಿ ನೋಡಿ, "ಅಯ್ಯೋ, ಹಿಟ್ಟಿಗೂ ಜ್ವರ ಬರ್ಸಿದ್ರಲ್ಲಪ್ಪ" ಎಂದಳು. ಪುರಸಭೆಯವರು ಪಾರ್ಕಿನಲ್ಲಿ ರೇಡಿಯೋ ಇಟ್ಟರು. ಸಂಜೆಯಾದರೆ ಅದರ ಮುಂದೆ ಜನ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದರು. ಒಂದು ದಿನ ಆ ದಾರಿಯಲ್ಲಿ ಹೋಗುತ್ತಿದ್ದ ಹಮೀದುನ್ನೀಸಾ ಸ್ವಲ್ಪ ಹೊತ್ತು ನಿಂತು ಕೇಳಿದಳು. ಮನೆಗೆ ಬಂದು ಪಕ್ಕದ ಮನೆಯ ಕ್ಯಾತಮ್ಮನಿಗೆ, "ಬರೀ ಹೇಳ್ತದೆ, ಕೇಳುಸ್ಕೊಳಲ್ಲ. ನನ್ನ ಗಂಡನೂ ಹಿಂಗೇ ಇದ್ದ" ಎಂದಳು.

ಕ್ಯಾತಮ್ಮ ಕುರಿ ಸಾಕುವವರ ಮನೆಯ ಹೆಂಗಸು. ಬೆಳಿಗ್ಗೆ ಪೇಟೆಯಲ್ಲಿ ಮಜ್ಜಿಗೆ ಮಾರಿ ಬಂದು ಮಧ್ಯಾಹ್ನ ಹಮೀದುನ್ನೀಸಾಳ ಜಗುಲಿಯ ಮೇಲೆ ಕಾಲು ಚಾಚಿ ಕೂರುವುದು ಅವಳ ರೂಢಿ. ತಾನು ಬೂಬಮ್ಮ ಎಂದು ಕರೆಯುವ ಹಮೀದುನ್ನೀಸಾಳ ನಾಲಿಗೆಯಿಂದ ಯಾರು ಯಾರಿಗೆ ಏನೇನು ಬಿತ್ತು ಎಂದು ಕೇಳದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ.

ಆ ವರ್ಷ ಖಲೀಲುಲ್ಲಾ ತನ್ನ ಮಗಳು ಜಮೀಲಾಳಿಗೆ ಗಂಡು ನೋಡುತ್ತಿದ್ದ. ಕಡಲೆಕಾಯಿ ಮಂಡಿ ಇಟ್ಟು ನಾಲ್ಕು ತಾಲ್ಲೂಕಿನಲ್ಲೂ ಹೆಸರು ಮಾಡಿದ್ದವನು. ಹಮೀದುನ್ನೀಸಾಳಿಗೆ ದೂರದ ಅಕ್ಕನ ಮಗ; ಚಿಕ್ಕಮ್ಮನೆಂದು ಅವಳನ್ನು ಖಾಲಾ ಎನ್ನುತ್ತಿದ್ದ. ಅವನು ಹುಟ್ಟಿದಾಗ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡವಳು ಅವಳೇ. ಹೀಗಾಗಿ ಸಂಬಂಧ ಕುದುರಿಸಲೂ ಅವಳೇ ಓಡಾಡಿದಳು. ಮಧುಗಿರಿಯ ಅಖ್ತರ್ ಬೇಗಂ ಎಂಬಾಕೆಯ ಮಗ ಒಳ್ಳೆಯ ಹುಡುಗನೆಂದು ಕೇಳಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಅಲ್ಲಿಗೆ ಹೋದಳು. ಅಖ್ತರ್ ಬೇಗಂ ಮುಖ ತಿರುಗಿಸಿ, "ಹುಡುಗಿ ಬಣ್ಣ ಕಮ್ಮಿ. ನನ್ನ ಮಗನ ಪಕ್ಕ ಕೂತ್ರೆ ಕೆಲಸದೋಳು ಅಂತಾರೆ" ಅಂದುಬಿಟ್ಟಳು. ಹಮೀದುನ್ನೀಸಾ ಆ ಮಾತನ್ನು ನುಂಗಿಕೊಂಡು ಶಿರಾಕ್ಕೆ ಬಂದು, "ಯೋಚನೆ ಮಾಡಿ ಹೇಳ್ತಾರಂತೆ" ಎಂದಷ್ಟೇ ಹೇಳಿದಳು. ಮತ್ತೆ ವಾಂತಿ ಮಾಡಿಕೊಂಡು ಮಧುಗಿರಿಗೆ ಹೋದಳು. ಆ ಎರಡನೇ ಸಲ ಏನು ಹೇಳಿದಳೋ, ಅಖ್ತರ್ ಬೇಗಂ ಉಂಗುರ ಹಿಡಿದುಕೊಂಡು ತಾನೇ ಹುಡುಗಿಯನ್ನು ನೋಡಲು ಬಂದಳು. ಬಣ್ಣದ ಮಾತು ಹಮೀದುನ್ನೀಸಾಳ ಹೊಟ್ಟೆಯಲ್ಲೇ ಉಳಿಯಿತು. ಕ್ಯಾತಮ್ಮನಿಗೂ ಹೇಳಿರಲಿಲ್ಲ.

ಮದುವೆಯ ದಿನ ಗೊತ್ತಾದ ಸುದ್ದಿ ಬಂತು. ಹಮೀದುನ್ನೀಸಾ ಚಾದರ ಒಗೆದು ನೀಲಿ ಹಾಕಿ ಒಣಗಿಸಿದಳು. ಒಳ್ಳೆಯ ಕಲ್ಲುಸಕ್ಕರೆ ತಂದಿಟ್ಟಳು. ಖಲೀಲುಲ್ಲಾನ ಮನೆಯಿಂದ ಆಳು ಬರಲಿಲ್ಲ. ಮದುವೆ ಮನೆ, ನೂರೆಂಟು ಕೆಲಸವಿರುತ್ತದೆ ಎಂದುಕೊಂಡಳು. ಮದುವೆ ಹತ್ತಿರವಾದರೂ ಯಾರೂ ಬರಲಿಲ್ಲ. ಬಂದವನು ಪೋಸ್ಟ್‌ಮ್ಯಾನ್ ನಾಗಲಿಂಗಯ್ಯ.

"ಬೂಬಮ್ಮಾ, ನಿಮಗೊಂದು ಬುಕ್‌ಪೋಸ್ಟು."

ಆ ಮನೆಗೆ ಟಪಾಲು ಬಂದದ್ದೇ ಇಲ್ಲ. ಹಮೀದುನ್ನೀಸಾ ಎದೆ ಹಿಡಿದುಕೊಂಡು, "ಯಾರು ಸತ್ರು?" ಎಂದಳು.

"ಸಾಯೋದಲ್ಲಮ್ಮ, ಮದುವೆ. ಬಂಗಾರದ ಅಕ್ಷರದಾಗೆ ಹೊಡ್ಸವ್ರೆ ನೋಡಿ, ಒಂದು ಕಡೆ ಉರ್ದು, ಒಂದು ಕಡೆ ಕನ್ನಡ. ತುಮಕೂರು ಪ್ರೆಸ್ಸಿಂದು. ಈ ವಾರವೆಲ್ಲ ಇದನ್ನ ಹಂಚಿ ಹಂಚಿ ನನ್ನ ಸೈಕಲ್ ಚೈನು ಎಲ್ಡು ಸಲ ಕಳಚ್ಕೊಂತು."

"ಯಾರ ಮನೇದು?"

"ಖಲೀಲುಲ್ಲಾ ಸಾಹೇಬ್ರುದು. ಅವ್ರ ಮಗಳು ಜಮೀಲಾ..."

ಹಮೀದುನ್ನೀಸಾ ಜಗುಲಿಯ ಮೇಲೆ ಕೂತುಕೊಂಡಳು. ಕ್ಯಾತಮ್ಮ ಮೆಲ್ಲಗೆ, "ಮೇಲೆ ಏನ್ ಬರ್ದವ್ರೆ ಓದಪ್ಪ" ಎಂದಳು. ನಾಗಲಿಂಗಯ್ಯ ಲಕೋಟೆ ತಿರುಗಿಸಿ ಓದಿದ: "ಹಮೀದುನ್ನೀಸಾ ಅಂಡ್ ಫ್ಯಾಮಿಲಿ, ಕೋಟೆ ಬೀದಿ."

"ಅಂಡ್ ಫ್ಯಾಮಿಲಿ ಅಂದ್ರೆ?"

"ಅಂದ್ರೆ ಕುಟುಂಬ ಸಮೇತ ಅಂತ. ಗಂಡ, ಮಕ್ಳು, ಸೊಸೇರು, ಎಲ್ಲಾರ್ನೂ ಕರ್ಕೊಂಡು ಬರ್ರಿ ಅಂತ."

ನಾಗಲಿಂಗಯ್ಯನಿಗೆ ತಾನು ಹೇಳಿದ್ದೇನೆಂದು ಆಮೇಲೆ ಹೊಳೆದು ಸೈಕಲ್ ಹತ್ತಿಬಿಟ್ಟ. ಹಮೀದುನ್ನೀಸಾ ಆ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು, ಮೂಗಿನ ಹತ್ತಿರ ತಂದು ಮೂಸಿದಳು.

"ಸೀಮೆಎಣ್ಣೆ ವಾಸನೆ" ಎಂದಳು. "ನೋಡ್ದಾ ಕ್ಯಾತಮ್ಮ? ಕೋರ್ಟಿಂದ ಸಮನ್ಸು ಬರೋದೂ ಹಿಂಗೇ. ಅದುನ್ನ ತರೋ ಅಮೀನನಾದ್ರೂ ಬಾಗಿಲಲ್ಲಿ ನಿಂತು ಹೆಸರು ಕೂಗ್ತಾನೆ."

ಅವಳಿಗೆ ತಡೆಯಲಾಗಲಿಲ್ಲ. ಚಾದರ ಎಳೆದುಕೊಂಡು ಖಲೀಲುಲ್ಲಾನ ಮನೆಗೆ ನಡೆದಳು. ಚಪ್ಪರದ ಕಂಬ ನೆಡಿಸುತ್ತಿದ್ದ ಖಲೀಲುಲ್ಲಾ ಅವಳನ್ನು ಕಂಡು ನಗುನಗುತ್ತಲೇ ಎದುರು ಬಂದ. ಅವನ ಮನಸ್ಸಿನಲ್ಲಿ ಕಪಟವೇನೂ ಇರಲಿಲ್ಲ. ಅದೇ ಅವಳಿಗೆ ಇನ್ನೂ ಹೆಚ್ಚು ಉರಿಯಿತು.

"ಬನ್ನಿ ಖಾಲಾ, ಕಾರ್ಡು ಬಂತಾ? ಹೆಂಗಿದೆ? ಒಂದೇ ಮಧ್ಯಾಹ್ನದಾಗೆ ಪಾವಗಡದಿಂದ ಕೊರಟಗೆರೆ ತಂಕ ಎಲ್ಲಾರ್ನೂ ಕರ್ದುಬುಟ್ಟೆ! ಮಂಡಿ ಗುಮಾಸ್ತ ಕೂತ್ಕೊಂಡು ಅಡ್ರೆಸ್ ಬರ್ದ, ಡಬ್ಬಕ್ಕೆ ಹಾಕ್ದೋ, ಆಯ್ತು."

"ಕರ್ದ್ಯೋ, ಬಿಸಾಕಿದ್ಯೋ?"

"ಅಂಗಲ್ಲ ಖಾಲಾ. ಈ ವಯಸ್ನಾಗೆ ನಿಮ್ಮ ಕಾಲಿಗೆ ಯಾಕೆ ತೊಂದ್ರೆ ಅಂತ..."

"ನನ್ನ ಕಾಲು ನಿನ್ನ ಹತ್ರ ಬಂದು ದೂರು ಕೊಟ್ಟಿತ್ತಾ?"

ಖಲೀಲುಲ್ಲಾ ತಲೆ ಕೆರೆದುಕೊಂಡ. ಅಷ್ಟರಲ್ಲಿ ಯಾರೋ ಕರೆದರೆಂದು ಅತ್ತ ಓಡಿದ. ಜಮೀಲಾಳನ್ನು ನೋಡೋಣವೆಂದರೆ ಅವಳಿಗೆ ಅರಿಶಿನ ಹಚ್ಚಿ ಒಳಕೋಣೆಯಲ್ಲಿ ಕೂರಿಸಿದ್ದರು. ಬಾಗಿಲ ತುಂಬ ಹೆಂಗಸರು. ಹಮೀದುನ್ನೀಸಾ ಹಿಂತಿರುಗಿದಳು.

ಕಾಗದಕ್ಕೆ ಯಾರೂ ಬರುವುದಿಲ್ಲ ಎಂಬ ಒಂದು ನೆಮ್ಮದಿ ಮಾತ್ರ ಅವಳಿಗಿತ್ತು. ಗೌಡಗೆರೆಯ ಮುದುಕಿಯರು ಬಾಯಿಬಿಟ್ಟು ಕರೆದರೇ ಬರುವವರಲ್ಲ, ಇನ್ನು ಕಾರ್ಡಿಗೆ ಬರುತ್ತಾರೆಯೇ? ಬಿರಿಯಾನಿಯ ದೇಗುಗಳು ತುಂಬಿದಂತೆಯೇ ಉಳಿಯುತ್ತವೆ, ನಾಯಿಗಳು ತಿನ್ನುತ್ತವೆ, ಆಗ ಖಲೀಲು ಓಡಿ ಬರುತ್ತಾನೆ. "ಬರ್ಲಿ. ನಾನು ಹೇಳ್ತೀನಿ, ನಿನ್ನ ಪ್ರೆಸ್ಸಿನೋನ್ನೇ ಕರೆದು ತಿನ್ನಿಸಪ್ಪ ಅಂತ" ಎಂದು ಕ್ಯಾತಮ್ಮನ ಮುಂದೆ ಆ ಮಾತನ್ನು ನಾಲ್ಕಾರು ಸಲ ಹೇಳಿ ಹದ ಮಾಡಿಟ್ಟುಕೊಂಡಳು.

ಮದುವೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಊದಾ ಬಣ್ಣದ ರೇಷ್ಮೆ ಸೀರೆ ಉಟ್ಟು ಬಾಗಿಲ ಹಿಂದೆ ಕೂತಳು. ಹೋಗುವುದಕ್ಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕರೆಯಲು ಬಂದವರ ಮುಂದೆ ಹಳೇ ಸೀರೆಯಲ್ಲಿ ನಿಂತು ಬೈದರೆ ಬೈಗುಳಕ್ಕೆ ಬೆಲೆ ಇರುವುದಿಲ್ಲ.

ಮಜ್ಜಿಗೆ ಮಾರಿಕೊಂಡು ಬಂದ ಕ್ಯಾತಮ್ಮ ಸುದ್ದಿ ತಂದಳು. "ಜನ ಅಂದ್ರೆ ಜನ ಕಣ್ ಬೂಬಮ್ಮ! ಬಸ್ನಾಗೆ ಬಂದ್ರು, ಲಾರೀಲಿ ಬಂದ್ರು. ಗೌಡಗೆರೆ ಮುದುಕೀರೆಲ್ಲಾ ಕಾರ್ಡ್ನ ಎದೆಗೆ ಅವುಚ್ಕಂಡು ಇಳಿತಾವ್ರೆ. ಕಾರ್ಡ್ ತೋರ್ಸಿದ್ರೇನೆ ಒಳೀಕ್ ಬುಡೋದು ಅಂದ್ಕಂಡವ್ರೆ ಪಾಪ!"

ಹಮೀದುನ್ನೀಸಾಳ ಮುಖ ಕಪ್ಪಿಟ್ಟಿತು. "ಅನ್ನಕ್ಕೆ ಬಂದವ್ರೆ, ಹುಡುಗಿಗಲ್ಲ" ಎಂದಳು. ಆದರೆ ಆ ಮುದುಕಿಯರೊಬ್ಬೊಬ್ಬರ ಮನೆಯಲ್ಲೂ ತಾನು ಎಷ್ಟೆಷ್ಟು ಹೊತ್ತು ಕೂತು, ಎಷ್ಟು ಮಾತಾಡಿ, ಎಷ್ಟು ಬೇಡಿಕೊಂಡು ಎಬ್ಬಿಸಬೇಕಾಗಿತ್ತು ಎಂಬುದು ನೆನಪಿಗೆ ಬಂತು. ಅಷ್ಟೂ ಹೊತ್ತು ಅವರಿಗೆ ಬೇಕಿದ್ದದ್ದು ಬಂಗಾರದ ಅಕ್ಷರವೇ? ಆ ಮುದುಕಿಯರ ಮೇಲೆ ಅವಳಿಗೆ ಹುಟ್ಟಿದ ತಾತ್ಸಾರ ಖಲೀಲುಲ್ಲಾನ ಮೇಲೂ ಹುಟ್ಟಿರಲಿಲ್ಲ.

ಅಷ್ಟರಲ್ಲಿ ಮದುವೆ ಚಪ್ಪರದ ಪಕ್ಕದ ಬೇವಿನ ಮರಕ್ಕೆ ಕಟ್ಟಿದ್ದ ಧ್ವನಿವರ್ಧಕ ಕೆಮ್ಮಿತು. ಕೊರಟಗೆರೆಯ ಕದಿರಯ್ಯ ಎಂಬವನ ಮೈಕ್ ಸೆಟ್ಟು ಅದು. ಹೂವಿನ ಹಾಗೆ ಬಾಯಿ ತೆರೆದ ದೊಡ್ಡ ತಗಡಿನ ಕಹಳೆ. ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಅದು ಸಿನಿಮಾ ಹಾಡು ಹಾಡಿತು. ಹಾಡು ನಿಲ್ಲಿಸಿ, "ಹಲೋ, ಹಲೋ, ಹಲೋ" ಎಂದು ತನ್ನನ್ನು ತಾನೇ ಮಾತಾಡಿಸಿಕೊಂಡಿತು. ಆಮೇಲೆ ಮುಯ್ಯಿ ಓದುವುದಕ್ಕೆ ಶುರುವಾಯಿತು.

"ಮಧುಗಿರಿಯ ಬಳೆ ಅಂಗಡಿಯವರಿಂದ ವಧುವಿಗೆ ಒಂದು ಗೋಡೆ ಗಡಿಯಾರ! ಪಾವಗಡದ ಮಂಡಿ ವರ್ತಕರಿಂದ ಒಂದು ಗೋಡೆ ಗಡಿಯಾರ! ಕೊರಟಗೆರೆಯ ಹಿತೈಷಿಗಳಿಂದ ಒಂದು... ಗೋಡೆ ಗಡಿಯಾರ!"

"ಹೊತ್ತು ನೋಡೋಕೆ ಅಷ್ಟೊಂದು ಯಾಕವ್ವ?" ಎಂದಳು ಕ್ಯಾತಮ್ಮ.

"ಒಂದೊಂದು ಗೋಡೇಗೂ ಒಂದೊಂದು ಹೊತ್ತು ಇರ್ಲಿ ಅಂತ." ಹಮೀದುನ್ನೀಸಾ ತುಟಿ ಕೊಂಕಿಸಿದಳು. "ನಮ್ಮ ಕಾಲದಾಗೆ ಒಂದು ತಟ್ಟೆ ಕೊಟ್ರೂ ಸೆರಗಿನಾಗೆ ಮುಚ್ಚಿ ಕೊಡೋರು. ಕೊಟ್ಟಿದ್ದು ಪಕ್ಕದೋಳಿಗೆ ಕಂಡ್ರೆ ನಾಚಿಕೆ. ಈಗ ಊರಿಗೆಲ್ಲ ಕೂಗ್ಸಿ ಕೊಡ್ತಾವ್ರೆ. ಕೂಗ್ಸೋರು ಇಲ್ದಿದ್ರೆ ಕೊಡೋರೂ ಇರ್ತಿರ್ಲಿಲ್ಲ."

ನಿಕಾಹ್ ಆಯಿತು. ಖಾಜಿ ಖುತ್ಬಾ ಓದಿದ್ದು ಕೇಳಿಸಿತು. ಹುಡುಗ ಮೂರು ಸಲ ಕಬೂಲ್ ಎಂದದ್ದೂ ಕೇಳಿಸಿತು. ಬಾಗಿಲ ಹಿಂದೆ ಕೂತೇ ಹಮೀದುನ್ನೀಸಾ ಎರಡೂ ಕೈ ಎತ್ತಿ ದುವಾ ಮಾಡಿ ಮುಖ ಸವರಿಕೊಂಡಳು. ಕಣ್ಣು ಒದ್ದೆಯಾಯಿತು. ಒದ್ದೆಯಾದದ್ದಕ್ಕೆ ಕಹಳೆಯನ್ನೇ ಬೈದಳು. ಕರೆಯಲು ಯಾರೂ ಬರಲಿಲ್ಲ. ಬಿರಿಯಾನಿಯ ವಾಸನೆ ಮಾತ್ರ ಯಾರೂ ಕರೆಯದೆ, ಯಾರನ್ನೂ ಕೇಳದೆ ಒಳಗೆ ಬಂತು.

ಆಗ ಕದಿರಯ್ಯನ ಗಂಟಲು ಮತ್ತೆ ಕೂಗಿತು.

"ಮಾನ್ಯರೇ, ಕೋಟೆ ಬೀದಿ ಹಮೀದುನ್ನೀಸಾ ಬೇಗಂ ಅವರು ಎಲ್ಲಿದ್ದರೂ ಮದುವೆ ಚಪ್ಪರದ ಬಳಿ ಬರತಕ್ಕದ್ದು. ಹಮೀದುನ್ನೀಸಾ ಬೇಗಂ ಅವರು... ಎಲ್ಲಿದ್ದರೂ... ಬರತಕ್ಕದ್ದು!"

ಕ್ಯಾತಮ್ಮ ಎದ್ದು ನಿಂತಳು. "ಬೂಬಮ್ಮಾ! ನಿನ್ ಹೆಸ್ರು!"

ಹಮೀದುನ್ನೀಸಾಳ ಮೈಯೆಲ್ಲ ಬೆಂಕಿಯಾಯಿತು. ಅವಳ ಹೆಸರನ್ನು ಗಂಡಸೊಬ್ಬ ಗಟ್ಟಿಯಾಗಿ ಕರೆದದ್ದು ಅವಳು ಕೇಳಿರಲಿಲ್ಲ. ಸತ್ತ ಗಂಡನೂ "ಏ, ಇಲ್ಲಿ ಬಾ" ಎನ್ನುತ್ತಿದ್ದನೇ ಹೊರತು ಹೆಸರು ಹಿಡಿದವನಲ್ಲ. ಈಗ ಆ ಹೆಸರು ಬೇವಿನ ಮರದಿಂದ ಹೊರಟು, ಸಂತೆಮಾಳ ದಾಟಿ, ಬಸ್ ನಿಲ್ದಾಣದಲ್ಲಿ ನಿಂತು ಟೀ ಕುಡಿಯುವವರ ಕಿವಿಗೆ ಬೀಳುತ್ತಿತ್ತು. ಜಾತ್ರೆಯಲ್ಲಿ ಕಳೆದುಹೋದ ಕೂಸಿನ ಹೆಸರನ್ನು ಕೂಗುವಂತೆ.

"ಬರತಕ್ಕದ್ದಂತೆ! ಬರತಕ್ಕದ್ದು!" ಎನ್ನುತ್ತ ಅವಳು ಚಾದರ ಹೊದೆಯಲೂ ಮರೆತು ಬೀದಿಗಿಳಿದಳು.

ಚಪ್ಪರದ ಬಾಗಿಲಲ್ಲೇ ಒಂದು ಮೇಜು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಪರದೆಯ ಹಿಂದೆ ಹೆಂಗಸರು. ನಡುವೆ ಕದಿರಯ್ಯ ಕೊರಳಿಗೆ ಕರ್ಚೀಫು ಕಟ್ಟಿಕೊಂಡು, ಬಾಯಿಯ ಮುಂದೆ ಮೈಕು ಹಿಡಿದು ಕೂತಿದ್ದ. ಹಮೀದುನ್ನೀಸಾ ನೇರ ಅವನ ಮುಂದೆ ನಿಂತಳು.

"ಯಾರ್ಲಾ ನಿನಗೆ ನನ್ನ ಹೆಸರು ಕೊಟ್ಟೋನು?"

ಆ ಮಾತು ಬೇವಿನ ಮರದಿಂದ ಇಡೀ ಶಿರಾಕ್ಕೆ ಕೇಳಿಸಿತು. ಕದಿರಯ್ಯ ಗಾಬರಿಯಾಗಿ ಪೆಟ್ಟಿಗೆಯ ಗುಂಡಿ ತಿರುಗಿಸಿದ. ಸದ್ದು ಇನ್ನೂ ಜೋರಾಯಿತು. ಗಾಬರಿಯಲ್ಲಿ ತಪ್ಪಾಯಿತೆಂದು ಅವನು ಆಮೇಲೆ ಆಣೆ ಮಾಡಿ ಹೇಳಿದ. ಊರಲ್ಲಿ ಯಾರೂ ನಂಬಲಿಲ್ಲ. ಖಲೀಲುಲ್ಲಾ ಓಡಿ ಬಂದು, "ಖಾಲಾ, ಖಾಲಾ, ಮೈಕು..." ಎಂದ.

"ಹಾಂ, ಮೈಕು! ಕಾಲು ಕೊಟ್ಟು ಕಳ್ಸೋಕೆ ಒಬ್ಬ ಮನುಷ್ಯ ಸಿಗ್ಲಿಲ್ಲ ನಿಂಗೆ, ತಗಡಿನ ಕೈಲಿ ಕರ್ಸ್ದೆ! ಮೊದ್ಲು ಕಾಗದದ ಕೈಲಿ ಕರ್ಸ್ದೆ. ಹಮೀದುನ್ನೀಸಾ ಅಂಡ್ ಫ್ಯಾಮಿಲಿ! ಎಲ್ಲೈತೋ ನನ್ನ ಫ್ಯಾಮಿಲಿ? ಖಬರಸ್ಥಾನಕ್ಕೂ ಒಂದು ಕಾರ್ಡ್ ಹಾಕ್ಬೇಕಾಗಿತ್ತು, ಗಂಡನೂ ಬಂದು ಉಂಡು ಹೋಗ್ತಿದ್ದ!"

ಗಂಡಸರ ಕಡೆಯಿಂದ ಯಾರೋ ನಕ್ಕರು. ನಗು ಕೇಳಿ ಅವಳಿಗೆ ಇನ್ನೂ ರೇಗಿತು.

"ನಗ್ರಪ್ಪ ನಗ್ರಿ. ಉಂಡಿದ್ದೀರಲ್ಲ, ಗಡಿಯಾರ ಕೊಟ್ಟಿದ್ದೀರಲ್ಲ, ಕೂಗ್ಸಿದ್ದೀರಲ್ಲ, ನಗ್ರಿ! ಈ ಮದ್ವೆ ಕಾರ್ಡಿಂದ ಆಯ್ತಾ? ಮೈಕಿಂದ ಆಯ್ತಾ? ಹುಡ್ಗಿ ಬಣ್ಣ ಕಮ್ಮಿ, ನನ್ನ ಮಗನ ಪಕ್ಕ ಕೂತ್ರೆ ಕೆಲಸದೋಳು ಅಂತಾರೆ ಅಂದಿದ್ದ ಅಖ್ತರ್ ಬೇಗಂನ ಒಪ್ಸಿದ್ದು ಯಾವ ಪ್ರೆಸ್ಸಿನೋನು?"

ಅಲ್ಲಿಗೆ ನಗು ನಿಂತಿತು. ಹಂಚುತ್ತಿದ್ದ ತಟ್ಟೆಗಳ ಸದ್ದೂ ನಿಂತಿತು. ಮಾತು ಬೇವಿನ ಮರದಿಂದ ಹೋಗಿ ಎದುರಿನ ಕೋಟೆ ಗೋಡೆಗೆ ಬಡಿದು, "ಪ್ರೆಸ್ಸಿನೋನು" ಎಂದು ಇನ್ನೊಂದು ಸಲ ವಾಪಸು ಬಂತು. ತನ್ನ ದನಿ ಅಷ್ಟು ಕರ್ಕಶವೆಂದು ಹಮೀದುನ್ನೀಸಾಳಿಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಇಷ್ಟು ಕಾಲ ಯಾರಿಗೂ ಹೇಳದೆ ಇಟ್ಟಿದ್ದ ಮಾತದು. ಮದುಮಗಳು ಪರದೆಯ ಆಚೆಗೇ ಇದ್ದಳು.

ಕದಿರಯ್ಯನಿಗೆ ಗುಂಡಿ ಈಗ ಸಿಕ್ಕಿತು. ಕಹಳೆ ಬಾಯಿ ಮುಚ್ಚಿತು.

ಪರದೆ ಸರಿಸಿ ಹಮೀದುನ್ನೀಸಾ ಒಳಗೆ ಹೋದಳು. ಹೆಂಗಸರೆಲ್ಲ ದಾರಿ ಬಿಟ್ಟರು. ಜಮೀಲಾ ಕೆಂಪು ದುಪಟ್ಟಾದೊಳಗೆ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲಿ ಅಖ್ತರ್ ಬೇಗಂ ಸೆಟೆದು ಕೂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ದಾದಿ" ಎಂದಳು ಜಮೀಲಾ ತಲೆ ಎತ್ತದೆ. ಅಜ್ಜಿಯೆಂದು ಅವಳು ಕರೆಯುತ್ತಿದ್ದದ್ದು ಹಾಗೆ. "ನಾನೇ ಅಬ್ಬಾಗೆ ಹೇಳ್ದೆ, ದಾದಿ ಬಂದು ತಲೆ ಮೇಲೆ ಕೈ ಇಡೋ ತಂಕ ನಾನು ಉಣ್ಣಲ್ಲ ಅಂತ. ಯಾರನ್ನಾದ್ರೂ ಕಳ್ಸಿ ಅಂದೆ. ಮೈಕಾಗೆ ಹೇಳಿದ್ರೆ ಬೇಗ ಆಯ್ತದೆ ಅಂದ್ರು."

ಅಖ್ತರ್ ಬೇಗಂ ಎದ್ದು ನಿಂತಳು. ಆಕೆ ತನ್ನ ಕೊರಳಿಗೆ ಕೈ ಹಾಕಿ, ಮದುವೆಯಾದಾಗಿನಿಂದ ತೆಗೆಯದಿದ್ದ, ಬಂಗಾರ ಸೇರಿಸಿ ಪೋಣಿಸಿದ ಕರಿಮಣಿಯ ಲಚ್ಛಾ ಬಿಚ್ಚಿ ಜಮೀಲಾಳ ಕೊರಳಿಗೆ ಕಟ್ಟಿದಳು. ಕಟ್ಟಿದವಳು ಸೊಸೆಯ ಮುಖವನ್ನೇನೂ ನೋಡಲಿಲ್ಲ. ಪರದೆಯ ಕಡೆಗೆ ತಿರುಗಿ ಗಟ್ಟಿಯಾಗಿ, "ಇದುನ್ನೂ ಕೂಗ್ಸಿ!" ಎಂದಳು.

ಗಡಿಯಾರಗಳ ನಡುವೆ ಅದನ್ನೂ ಕೂಗಿದರು. "ವರನ ತಾಯಿ ಅಖ್ತರ್ ಬೇಗಂ ಅವರಿಂದ ವಧುವಿಗೆ ತಮ್ಮ ಸ್ವಂತ ಕೊರಳಿನ ಬಂಗಾರದ ಲಚ್ಛಾ!" ಊರು ಕೇಳಿತು. ಅಖ್ತರ್ ಬೇಗಂನ ಮುಖಕ್ಕೆ ರಕ್ತ ವಾಪಸು ಬಂತು. ಸುತ್ತಲಿನ ಹೆಂಗಸರು, ಎಂಥ ದೊಡ್ಡ ಮನಸ್ಸು ಎಂದು ಲೊಚಗುಟ್ಟಿದರು. ಬೈದದ್ದು ಊರಿಗೆ ಕೇಳಿಸಿದ ಮೇಲೆ ಪ್ರೀತಿಯೂ ಊರಿಗೆ ಕೇಳಿಸಬೇಕು. ಕೇಳಿಸದ ಪ್ರೀತಿಯನ್ನು ಇನ್ನು ಮೇಲೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಹಮೀದುನ್ನೀಸಾಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಲಿಲ್ಲ. ಅವತ್ತಿಗೆ ಅವಳು ಹೇಳಬೇಕಾದದ್ದಕ್ಕಿಂತ ಹೆಚ್ಚೇ ಹೇಳಿಯಾಗಿತ್ತು. ಜಮೀಲಾಳ ತಲೆಯ ಮೇಲೆ ಕೈ ಇಟ್ಟಳು. ಒಂದೇ ತಟ್ಟೆಯಲ್ಲಿ ಇಬ್ಬರೂ ಉಂಡರು.

"ನಿಂಗೆ ಬೇಜಾರಾಯ್ತೇನೇ?" ಎಂದು ಕೇಳಿದಳು ಕಿವಿಯಲ್ಲಿ.

"ಆಯ್ತು" ಎಂದಳು ಜಮೀಲಾ. "ಉಣ್ಣಿ ದಾದಿ."

ಮುಂದಿನ ಮದುವೆಗಳ ಕಾಲದಲ್ಲಿ ಕಾರ್ಡು ಮನೆಮನೆಗೂ ಬಂತು. ಗಿರಣಿಯಲ್ಲಿ ಹಿಟ್ಟು ಬೀಸುವವನ ಮಗಳ ಮದುವೆಗೂ ಕಾರ್ಡು. ಟಪಾಲಿಗೆ ಹಾಕುವುದಕ್ಕಿಂತ ಖಾಲಾನ ಕೈಯಲ್ಲಿ ಕಳಿಸಿದರೆ ಮರ್ಯಾದೆ ಎಂದು ಒಂದೆರಡು ಮನೆಯವರು ಹಮೀದುನ್ನೀಸಾಳನ್ನು ಕೇಳಿದರು. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದಳು. ಹಳೆಯ ಬಾಗಿಲುಗಳಿಗೇ ಹೋದಳು. ಒಳಗಿನಿಂದ ಒಂದು ಕೈ ಹೊರಗೆ ಬರುತ್ತಿತ್ತು. "ಓ, ಕಾರ್ಡಾ ಖಾಲಾ? ಕೊಡಿ, ಓದ್ಕೊಂತೀವಿ" ಎನ್ನುತ್ತಿದ್ದರು. ಕೂರಿ ಎನ್ನುತ್ತಿರಲಿಲ್ಲ. ಹೇಳಬೇಕಾದದ್ದೆಲ್ಲ ಕಾಗದದಲ್ಲೇ ಇರುವಾಗ ಹೇಳುವವಳನ್ನು ಕೂರಿಸಿಕೊಂಡು ಮಾಡುವುದೇನು? ಇಡೀ ದಿನ ತಿರುಗಬೇಕಾಗಿದ್ದ ಬೀದಿ ಮಧ್ಯಾಹ್ನದೊಳಗೆ ಮುಗಿದುಹೋಯಿತು. ಯಾರ ಎಮ್ಮೆಯ ಸುದ್ದಿಯೂ ಗೊತ್ತಾಗಲಿಲ್ಲ. ಉಳಿದ ಕಾರ್ಡುಗಳನ್ನು ಆ ಮನೆಯವರಿಗೇ ಹಿಂದಕ್ಕೆ ಕೊಟ್ಟು, "ನಾಗಲಿಂಗಯ್ಯನಿಗೆ ಕೊಡಿ, ಅವನಿಗೆ ಸೈಕಲ್ ಐತೆ" ಎಂದು ಬಂದುಬಿಟ್ಟಳು. ಆಮೇಲೆ ಪ್ರೆಸ್ಸಿನ ಶಕ್ತಿಯಿಲ್ಲದ ಬಡವರ ಮನೆಯ ಮದುವೆಗಳಿಗೆ ಮಾತ್ರ ಕರೆಯಲು ಹೋಗುತ್ತಿದ್ದಳು. ಆ ಬಡವರೂ ಅವಳನ್ನು ಕಳಿಸುವಾಗ, ನಮಗೆ ಕಾರ್ಡು ಹೊಡೆಸೋಕೆ ಆಗಲಿಲ್ಲ ಎಂದು ನಾಚಿಕೊಂಡು ಹೇಳುತ್ತಿದ್ದರು. ಉಗಿಯಬೇಕೆನಿಸಿದರೆ ಬೀದಿಯ ತಿರುವಿಗೆ ಬಂದ ಮೇಲೆ ಉಗಿಯುತ್ತಿದ್ದಳು.

ಮರುವರ್ಷ ಒಂದು ಮಧ್ಯಾಹ್ನ ಮಧುಗಿರಿಯ ಬಸ್ಸಿನಿಂದ ಇಳಿದು ಜಮೀಲಾ ಕೂಸನ್ನೆತ್ತಿಕೊಂಡು ಬಂದಳು. ಗಂಡುಮಗು. ಅದರ ಅಖೀಖಾಕ್ಕೆ, ಅಂದರೆ ಕೂದಲು ತೆಗೆದು ಹೆಸರಿಡುವ ಶಾಸ್ತ್ರಕ್ಕೆ, ಕರೆಯಲು ಬಂದಿದ್ದಳು. ಅತ್ತೆ ಕಾರ್ಡು ಹೊಡೆಸೋಣವೆಂದರಂತೆ, ದಾದಿಗೆ ಮಾತ್ರ ನಾನೇ ಹೋಗುತ್ತೇನೆ ಎಂದು ಹಟ ಮಾಡಿ ಬಂದಿದ್ದಳು. ಹಮೀದುನ್ನೀಸಾ ಮಗುವನ್ನು ಎತ್ತಿಕೊಂಡು, "ಬಣ್ಣ ಅಪ್ಪನದೇ ಬಂತಲ್ಲ, ಅಖ್ತರ್ ಬೇಗಂ ಬದುಕಿದ್ಲು" ಎಂದಳು. ಜಮೀಲಾ ನಕ್ಕಳು. ನಗುತ್ತಲೇ ಮಣಿಕಟ್ಟಿನ ಕಡೆ ಕಣ್ಣು ಹಾಯಿಸಿದಳು. ಅಲ್ಲಿ ಒಂದು ವಾಚು ಮಿನುಗುತ್ತಿತ್ತು.

"ಅದೇನೇ, ನನ್ನ ಮಾತಾಡಿಸ್ತಾ ಕೈ ಕಡೆ ನೋಡ್ತೀಯ? ಅದಕ್ಕೇನಾದ್ರೂ ಹೊಟ್ಟೆ ನೋವಾ?"

"ಬಸ್ಸು ದಾದಿ..."

"ಬಸ್ಸು ಹೋಗ್ಲಿ. ಅದು ಹೋಗೋಕೇ ಹುಟ್ಟಿರೋದು."

ಜಮೀಲಾ ವಾಚು ಬಿಚ್ಚಿ ಬ್ಯಾಗಿನೊಳಗೆ ಹಾಕಿದಳು. ಆಮೇಲೆ ಕೂತಳು ನೋಡಿ. ಅತ್ತೆಯ ಮಾತು, ಗಂಡನ ಮಾತು, ಹೆರಿಗೆಯಲ್ಲಿ ತಾನು ಕಿರುಚಿದ ಮಾತು, ಮಾತಿಗೆ ಕೊನೆಯಿಲ್ಲ. ಸ್ವಲ್ಪ ಅತ್ತಳು, ಬಹಳ ನಕ್ಕಳು. ಕ್ಯಾತಮ್ಮನೂ ಬಂದು ಮಗುವಿನ ದೃಷ್ಟಿ ತೆಗೆದಳು. ಕೊನೆಯ ಬಸ್ಸು ಹೋಗಿಬಿಟ್ಟೀತೆಂದು ಯಾರಿಗೋ ನೆನಪಾಗಿ, ಮೂವರೂ ಬಸ್ ನಿಲ್ದಾಣಕ್ಕೆ ಓಡಿದರು. ಕಂಡಕ್ಟರ್ ರೈಟ್ ಎಂದ ಮೇಲೆ ಜಮೀಲಾಳನ್ನು ಒಳಕ್ಕೆ ತಳ್ಳಿದರು.

ಬಸ್ಸಿನ ಧೂಳು ಅಡಗಿತು. ಕ್ಯಾತಮ್ಮ ಕೇಳಿದಳು: "ಯಾವತ್ತಂತೆ ಬೂಬಮ್ಮ, ಮಗೀನ ಸಾಸ್ತ್ರ?"

ಜಮೀಲಾ ದಿನವನ್ನೇ ಹೇಳಿರಲಿಲ್ಲ.

"ಈಗಿನ ಹುಡ್ಗೀರು!" ಎಂದಳು ಹಮೀದುನ್ನೀಸಾ. "ಕರೆಯೋದೂ ಬರಲ್ಲ ಅವಕ್ಕೆ."

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಅವಳು ಮಧುಗಿರಿಗೆ ಹೊರಟಳು. ಯಾವತ್ತು ಅಂತ ಗೊತ್ತಿಲ್ಲದ ಮೇಲೆ ಆ ದಿನ ಬರುವವರೆಗೂ ಅಲ್ಲೇ ಇರುವುದೆಂದು, ಗಂಟಿನಲ್ಲಿ ನಾಲ್ಕು ಸೀರೆ ಕಟ್ಟಿಕೊಂಡಿದ್ದಳು.